ಮುಂದಿನ ಕೋಣೆಯ ಜನರಲ್

ಆ ದಿನಗಳಲ್ಲಿ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹಗಲು ಹೊತ್ತು ಯಾರೂ ಮುಂಬಾಗಿಲು ಹಾಕುತ್ತಿರಲಿಲ್ಲ. ಮಿಲ್ಲಿನ ಮೊದಲ ಸೈರನ್ ಕೂಗಿದರೆ ಅಕ್ಕಿ ತೊಳೆದಿಡುವುದು, ಎರಡನೆಯದಕ್ಕೆ ಒಲೆ ಹಚ್ಚುವುದು. ಗಡಿಯಾರವಿಲ್ಲದ ಮನೆಗಳೂ ಹೀಗೇ ಹೊತ್ತು ಅಳೆಯುತ್ತಿದ್ದವು. ಗಾಳಿ ಎದ್ದರೆ ಹತ್ತಿಯ ಎಳೆಗಳು ಹಾರಿಬಂದು ಒಣಹಾಕಿದ ಹಪ್ಪಳದ ಮೇಲೆ ಕೂರುತ್ತಿದ್ದವು. ಯಾರ ಮನೆಗೆ ಯಾರು ಬಂದರೂ ಮೊದಲು ಒಂದು ಚೊಂಬು ನೀರು, ಒಂದು ತುಣುಕು ಬೆಲ್ಲ, ಮಾತು ಆಮೇಲೆ. ನನ್ನ ವಯಸ್ಸಿನವರಿಗೆ ಇದೆಲ್ಲ ನೆನಪಿರುತ್ತದೆ. ನೆನೆಸಿಕೊಂಡು ಕಣ್ಣು ತೇವ ಮಾಡಿಕೊಳ್ಳುವುದೂ ಉಂಟು. ನಾನು ಹೇಳಲು ಹೊರಟಿರುವುದು ಅದೇ ಬೀದಿಯ, ಅದೇ ಚೊಂಬಿನ ವಿಷಯ. ಕಣ್ಣು ತೇವ ಮಾಡಿಕೊಳ್ಳುವ ಹಕ್ಕು ಮಾತ್ರ ನನಗಿಲ್ಲ.

ಆಗ ನನಗೆ ಹನ್ನೊಂದು ವರ್ಷ. ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಅಪ್ಪಾಜಿಯದು ಹತ್ತಿಯ ಮಂಡಿ. ಅವ್ವ ನಾನು ತೀರ ಸಣ್ಣವಳಿದ್ದಾಗಲೇ ತೀರಿಹೋಗಿದ್ದರಿಂದ ಮನೆಯೆಲ್ಲ ಅಜ್ಜಿಯ ಕೈಯಲ್ಲಿತ್ತು. ಬೀದಿಗೆ ಮುಖ ಮಾಡಿದ್ದ ಮುಂದಿನ ಕೋಣೆಯನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅವರು ಚೀನಾದವರು. ಹಾಗೆಂದರೆ, ಅವರ ತಂದೆ ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದವರಂತೆ; ಇವರು ಹುಟ್ಟಿದ್ದೇ ಮದ್ರಾಸಿನಲ್ಲಿ. ತಂದೆಯಿಂದಲೇ ಹಲ್ಲಿನ ಕೆಲಸ ಕಲಿತು, ಊರೂರು ಸುತ್ತಿ ನಮ್ಮೂರಿಗೆ ಬಂದು ನಿಂತಿದ್ದರು. ಒಂಟಿ ಮನುಷ್ಯ. ಬಾಗಿಲ ಬೋರ್ಡಿನ ಮೇಲೆ ಅವರ ಹೆಸರಿತ್ತು. ಊರು ಮಾತ್ರ ಅವರನ್ನು 'ಹಲ್ಲಿನ ಡಾಕ್ಟ್ರು' ಎಂದೇ ಕರೆಯುತ್ತಿತ್ತು. ಗುರುವಾರಕ್ಕೊಮ್ಮೆ ಚರ್ಮದ ಚೀಲ ಹಿಡಿದು ರೈಲಿನಲ್ಲಿ ಹರಿಹರಕ್ಕೆ ಹೋಗಿ ಅಲ್ಲಿಯವರ ಹಲ್ಲು ನೋಡಿ ಬರುತ್ತಿದ್ದರು.

ಆ ವರ್ಷದ ನಾಗರಪಂಚಮಿಯಲ್ಲಿ ನನ್ನ ಹಲ್ಲು ಮುರಿಯಿತು. ಎದುರು ಮನೆಯ ಮರುಳಪ್ಪನವರ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅವರ ಮಗಳು ಶಕುಂತಲಾ ನನ್ನ ಜೀವದ ಗೆಳತಿ, ಕ್ಲಾಸಿನಲ್ಲೂ ಒಂದೇ ಬೆಂಚು. ಅವಳು ಹಿಂದಿನಿಂದ ನೂಕಿದಳು, ನಾನು ಹಗ್ಗ ಬಿಟ್ಟೆ. ಬಾಯಲ್ಲಿ ಎಳ್ಳುಂಡಿ ಇತ್ತು. ಅದರ ಸಿಹಿಯ ಜೊತೆ ರಕ್ತದ ಉಪ್ಪು ಬೆರೆತದ್ದು ಇನ್ನೂ ನಾಲಿಗೆಯಲ್ಲಿದೆ. ಮೇಲಿನ ಸಾಲಿನ ಎಡಗಡೆಯ ಮುಂದಿನ ಹಲ್ಲು ಅರ್ಧಕ್ಕೆ ತುಂಡಾಗಿತ್ತು.

"ಅಳಬ್ಯಾಡ ಗಿರಿಜಮ್ಮ. ಅರ್ಧ ಐತಲ್ಲ, ಸಾಕು. ಇದಕ್ಕೊಂದು ಟೋಪಿ ಮಾಡಿ ತೊಡಿಸ್ತೀನಿ" ಅಂದರು ಡಾಕ್ಟರು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಮನೆ ಕೊಟ್ಟೋರಿಗೇ ಟೋಪಿ ಹಾಕಬ್ಯಾಡ್ರಿ ಮತ್ತೆ" ಅಂದಳು.

"ನಿಮಗೆ ಹಾಕಾಕೆ ಹಲ್ಲೇ ಇಲ್ಲವಲ್ಲ ಅಜ್ಜಿ."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹೀಗಿತ್ತು, ಆಗಸ್ಟಿನಲ್ಲಿ.

ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಕುರ್ಚಿಯಲ್ಲಿ ಕೂರುತ್ತಿದ್ದೆ. ಕೋಣೆಯೊಳಗೆ ಲವಂಗದ ಎಣ್ಣೆಯ ವಾಸನೆ. ಹಲ್ಲು ಕೊರೆಯುವ ಯಂತ್ರವನ್ನು ಹೊಲಿಗೆಯಂತ್ರದ ಹಾಗೆ ಕಾಲಲ್ಲಿ ತುಳಿಯಬೇಕಿತ್ತು. ಎದುರಿನ ಗೋಡೆಯಲ್ಲೊಂದು ಉದ್ದನೆಯ ಕಾಗದದ ಚಿತ್ರಪಟ. ಅದರಲ್ಲಿ ಕವಚ ತೊಟ್ಟ, ಬಿಳಿ ಗಡ್ಡದ ಮುದುಕನೊಬ್ಬ ಕುದುರೆಯ ಮೇಲೆ ಕೂತಿದ್ದ. ಸೊಂಟದಲ್ಲಿ ಕತ್ತಿ ಇತ್ತು, ಕೈಯಲ್ಲಿದ್ದದ್ದು ಕುಂಚ. ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಅಕ್ಷರಗಳು. ಪಟದ ಕೆಳಗೆ ಸಣ್ಣ ಹಲಗೆ, ಹಲಗೆಯ ಮೇಲೆ ಮರಳು ತುಂಬಿದ ಗಾಜಿನ ಬಟ್ಟಲು, ಅದರಲ್ಲಿ ದಿನಕ್ಕೊಂದು ಊದಿನಕಡ್ಡಿ.

"ನಮ್ಮಪ್ಪನ ಊರಿನವ. ಜನರಲ್. ಎಂಟುನೂರು ವರ್ಷದ ಹಿಂದಿನವ. ಪದ್ಯ ಬರೀತಿದ್ದ. ಆ ಊರು ನಾನೂ ನೋಡಿಲ್ಲ" ಅಂದಿದ್ದರು ಡಾಕ್ಟರು.

ಕೊರೆಯುವಾಗ ನಾನು ಹೆದರದಿರಲೆಂದು ಅವನ ಕಥೆ ಹೇಳುತ್ತಿದ್ದರು. ನಡುವೆ ಪ್ರಶ್ನೆ ಕೇಳೋಣವೆಂದರೆ ಬಾಯಿ ತುಂಬ ಹತ್ತಿ. ಶನಿವಾರಕ್ಕೆ ಇಷ್ಟಿಷ್ಟೇ ಕಥೆ.

ಜನರಲ್ ಉತ್ತರದ ಗಡಿಯಲ್ಲಿ ಒಂದು ನದಿಯ ಈ ದಡದಲ್ಲಿ ದಂಡು ಇಳಿಸಿದ್ದನಂತೆ. ಆ ದಡದಲ್ಲಿ ಶತ್ರು. "ಹರಿಹರದ ಸೇತುವೆ ಹತ್ರ ನಿಂತ್ರೆ ಆಚೆ ದಡದಾಗೆ ಎಮ್ಮೆ ತೊಳೆಯೋರು ಕಾಣ್ತಾರಲ್ಲ, ಅಷ್ಟೇ ಅಗಲ" ಅನ್ನುತ್ತಿದ್ದರು. ಅವನ ಸೈನಿಕರಲ್ಲಿ ಮುಕ್ಕಾಲು ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಜನರಲ್ ತಾನೇ ಕೂತು ಅವರ ಮನೆಗಳಿಗೆ ಕಾಗದ ಬರೆದುಕೊಡುತ್ತಿದ್ದ. ಎಮ್ಮೆ ಕರು ಹಾಕಿತಾ, ಮಾಳಿಗೆ ಸೋರುವುದು ನಿಂತಿತಾ, ಮಗಳು ನಡೆಯುತ್ತಾಳಾ, ಇಂಥವೇ. ಉತ್ತರ ಬರುವಷ್ಟರಲ್ಲಿ ಕೆಲವರು ಸತ್ತಿರುತ್ತಿದ್ದರು. ಬಂದ ಕಾಗದವನ್ನು ಸುಮ್ಮನೆ ಇಡಲಾಗದೆ ಜನರಲ್ ಅದಕ್ಕೂ ಉತ್ತರ ಬರೆಯುತ್ತಿದ್ದ. ಯಾರಿಗೂ ಕಳಿಸಲಾಗದ ಆ ಉತ್ತರಗಳೇ ಅವನ ಪದ್ಯಗಳಂತೆ.

ಸೆಪ್ಟೆಂಬರಿನ ಒಂದು ಶನಿವಾರ ಆ ಪಟಕ್ಕೆ ಹೊಸ ಬೆನ್ನು ಅಂಟಿಸಿದೆವು. ಹಳೆಯ ಬಟ್ಟೆ ಗೆದ್ದಲು ತಿಂದಿತ್ತು. ಡಾಕ್ಟರು ನಮ್ಮೂರ ಮಿಲ್ಲಿನ ಕೋರಾ ಬಟ್ಟೆ ಎರಡು ಗಜ ತಂದರು. ನಾನು ಅಜ್ಜಿಯ ಒಲೆಯ ಮೇಲೆ ಮೈದಾಹಿಟ್ಟಿನ ಅಂಟು ಕಾಯಿಸಿದೆ. ಗಂಟು ಬಂದದ್ದಕ್ಕೆ ಅಜ್ಜಿ ತಲೆಗೆ ಮೊಟಕಿ ತಾನೇ ತಿರುವಿದಳು. ಜನರಲ್‌ನನ್ನು ಬೋರಲು ಮಲಗಿಸಿ ಬೆನ್ನಿಗೆ ಅಂಟು ಸವರಿದವಳು ನಾನೇ. ಬಟ್ಟೆಯ ಮೂಲೆಯಲ್ಲಿ ಮಿಲ್ಲಿನ ನೀಲಿ ಮುದ್ರೆ ಹಾಗೇ ಉಳಿಯಿತು. "ಇರಲಿ ಬಿಡು, ದಾವಣಗೆರೆ ಅಂಗಿ ಹಾಕ್ಯಾನೆ ಅಂತ ಗೊತ್ತಾಗ್ಲಿ" ಅಂದರು ಡಾಕ್ಟರು.

ಅದೇ ತಿಂಗಳು ಶಾಲೆಯಲ್ಲಿ ಸಿಸ್ಟರ್, "ನಿಮಗೆ ಗೊತ್ತಿರುವ ಒಬ್ಬ ಧೀರನ ಬಗ್ಗೆ ಮಾತಾಡಿ" ಎಂದರು. ಎಲ್ಲರೂ ರಾಜರು, ರಾಣಿಯರು. ನಾನು ಜನರಲ್ ಬಗ್ಗೆ ಹೇಳಿದೆ. ಪಟ, ಕುಂಚ, ಊದಿನಕಡ್ಡಿ, ಎಲ್ಲ. ಬಹುಮಾನವಾಗಿ ತುದಿಗೆ ರಬ್ಬರ್ ಇದ್ದ ಪೆನ್ಸಿಲ್ ಬಂತು. ಶಕುಂತಲಾ ಅದನ್ನು ಮುಟ್ಟಿ ಮುಟ್ಟಿ ನೋಡಿದಳು.

ದಸರೆಯ ನಂತರದ ಶನಿವಾರ ಡಾಕ್ಟರು ಹಲ್ಲಿನ ಅಳತೆ ತೆಗೆದರು. ಯಂತ್ರ ತುಳಿಯುತ್ತ, ಮುಂದಿನ ಕಥೆ. ಚಳಿಗಾಲ, ನದಿಯಂಚಿನಲ್ಲಿ ಮಂಜುಗಡ್ಡೆ. ಬೆಳಿಗ್ಗೆ ಶತ್ರುವಿನ ಕಡೆಯವನೊಬ್ಬ ಗಡ್ಡೆ ಒಡೆದು ನೀರು ತುಂಬಲು ಬಂದ. ಈ ಕಡೆಯ ಬಿಲ್ಲುಗಾರ ಗುರಿ ಹಿಡಿದ. ಜನರಲ್ ಅವನ ಕೈ ತಗ್ಗಿಸಿ, "ಬಿಡು, ಬಾಯಾರಿದಾನೆ" ಎಂದ. ಅದನ್ನೇ ಪದ್ಯವಾಗಿ ಬರೆದ. ಪದ್ಯ ರಾಜಧಾನಿ ಮುಟ್ಟಿತು. ಶತ್ರುವಿಗೆ ಮರುಗುವವನು ಶತ್ರುವೇ ಎಂದರು ಮಂತ್ರಿಗಳು. ಜನರಲ್‌ನನ್ನು ಕೈ ಕಟ್ಟಿಸಿ ಕರೆತಂದರು.

"ರಾಜ ಕೇಳಿದ್ದು ಒಂದೇ ಪ್ರಶ್ನೆ ಗಿರಿಜಮ್ಮ. 'ಅವ್ನಿಗೆ ಬಾಯಾರಿತ್ತು ಅಂತ ನಿನಗೆ ಹೆಂಗೆ ಗೊತ್ತಾತು?'"

ನಾನು ಹತ್ತಿ ಕಚ್ಚಿಕೊಂಡೇ "ಆಂ?" ಅಂದೆ.

"ಉತ್ತರ ಟೋಪಿ ತೊಡಿಸೋ ದಿನ. ಇವತ್ತೇ ಹೇಳಿಬಿಟ್ರೆ ನೀನು ಬರಾದೇ ಇಲ್ಲ" ಎಂದು ನಕ್ಕರು.

ಆ ವಾರವೇ ಚೀನಾದ ಜೊತೆ ಯುದ್ಧ ಶುರುವಾಯಿತು.

ರೇಡಿಯೋ ಇದ್ದದ್ದು ಮರುಳಪ್ಪನವರ ಮನೆಯಲ್ಲಿ. ಸಂಜೆಯಾದರೆ ಬೀದಿಯೆಲ್ಲ ಅವರ ಕಟ್ಟೆಯ ಮೇಲೆ. ಹೆಂಗಸರು ಕಿವಿಯೋಲೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಅಜ್ಜಿ ಒಂದು ಜೊತೆ ಬಳೆ ಕೊಟ್ಟಳು. ಹೊಲಿಗೆ ಪೀರಿಯಡ್ಡಿನಲ್ಲಿ ನಾವೆಲ್ಲ ಸೈನಿಕರಿಗೆ ಬೂದು ಉಣ್ಣೆಯ ಮಫ್ಲರ್ ಹೆಣೆದೆವು. ಅಷ್ಟರಮಟ್ಟಿಗೆ ಎಲ್ಲ ಸರಿಯೇ ಇತ್ತು. ಆದರೆ ಹಿಮಾಲಯ ದೂರ. ಸಿಟ್ಟಿಗೆ ಹತ್ತಿರದಲ್ಲೇ ಒಬ್ಬರು ಬೇಕಿತ್ತು. 'ಹಲ್ಲಿನ ಡಾಕ್ಟ್ರು' ಒಂದೇ ವಾರದಲ್ಲಿ 'ಚೀನಾದವ್ನು' ಆದರು. ಕಡರನಾಯಕನಹಳ್ಳಿಯಿಂದ ದವಡೆ ಬಾತು ಗಾಡಿಯಲ್ಲಿ ಬಂದ ರೈತನೊಬ್ಬನನ್ನು ಬೀದಿಯ ಬಾಯಲ್ಲೇ ತಡೆದು, "ದೇಶ ಮಾರಿ ಹಲ್ಲು ಕೀಳಿಸ್ಕಂತೀಯೇನೋ?" ಎಂದು ಹಿಂದಕ್ಕೆ ಕಳಿಸಿದರು. ಅವನು ದವಡೆ ಹಿಡಿದುಕೊಂಡೇ ಗಾಡಿ ತಿರುಗಿಸಿದ. ಮರುಳಪ್ಪನವರು ಅಪ್ಪಾಜಿಯನ್ನು ಕರೆದು ಏನೋ ಹೇಳಿದರು. ಮಾರನೆಯ ದಿನ ಅಪ್ಪಾಜಿ ಹಿತ್ತಲ ಬಾಗಿಲಿಗೆ ಬೀಗ ಹಾಕಿದರು. ಡಾಕ್ಟರು ನೀರು ತರುತ್ತಿದ್ದದ್ದು ನಮ್ಮ ಹಿತ್ತಲ ನಲ್ಲಿಯಿಂದ. ಅವರು ಕೊಡ ಹಿಡಿದು ಬೀದಿಯ ನಲ್ಲಿಗೆ ಹೋದರೆ ಹೆಂಗಸರು ಅವರ ಕೊಡವನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ, ತಮ್ಮ ಸರದಿ ಮುಗಿದರೂ ನಲ್ಲಿ ಬಿಡುತ್ತಿರಲಿಲ್ಲ.

ನನಗೂ ಪಾಲು ಸಿಕ್ಕಿತು. ಶಾಲೆಯಲ್ಲಿ ಹೊಸ ಆಟ ಬಂದಿತ್ತು, ಇಂಡಿಯಾ–ಚೀನಾ. ಚೀನಾ ಆಗಲು ಯಾರೂ ಒಪ್ಪುತ್ತಿರಲಿಲ್ಲ.

"ಗಿರಿಜಾ ಆಗ್ಲಿ! ಅವಳ ಬಾಯಾಗೇ ಚೀನಾ ಹಲ್ಲು ಐತೆ" ಅಂದಳು ಶಕುಂತಲಾ.

"ಇನ್ನೂ ಹಾಕಿಲ್ಲ ಕಣೇ" ಅಂದೆ.

"ಹಾಕಿಸ್ಕಂತೀಯಲ್ಲ! ಚೀನಾ ಹಲ್ಲು! ಚೀನಾ ಹಲ್ಲು!"

ಇಪ್ಪತ್ತು ಹುಡುಗಿಯರು ಗಂಟಲು ಹರಿಯುವಂತೆ ಕೂಗಿದರು. ಬಿಳಿ ರಿಬ್ಬನ್, ಇಸ್ತ್ರಿ ಮಾಡಿದ ಬೆಲ್ಟು, ಪ್ರಾರ್ಥನೆಯಲ್ಲಿ ಕೈ ಮುಗಿದು ಕಣ್ಣು ಮುಚ್ಚುವ ಹುಡುಗಿಯರು. ಸಿಸ್ಟರ್ ವರಾಂಡದಲ್ಲಿ ನಿಂತು ನೋಡಿದರು, ಒಳಗೆ ಹೋದರು. ಆ ಶನಿವಾರ ನಾನು ಕುರ್ಚಿಯಲ್ಲಿ ಕೂರಲು ಹೋಗಲಿಲ್ಲ. ಮರುವಾರವೂ ಹೋಗಲಿಲ್ಲ.

ದೀಪಾವಳಿಯ ಹಟ್ಟಿಹಬ್ಬದ ಬೆಳಿಗ್ಗೆ ಮರುಳಪ್ಪನವರು ಹತ್ತು ಹನ್ನೆರಡು ಜನರೊಂದಿಗೆ ಬಂದರು. ಶಕುಂತಲಾ ಮನೆಯಲ್ಲಿ ನನ್ನ ಬಹುಮಾನದ ಭಾಷಣವನ್ನೆಲ್ಲ ಒಪ್ಪಿಸಿದ್ದಳು: ಮುಂದಿನ ಕೋಣೆಯಲ್ಲಿ ಚೀನಾ ಜನರಲ್‌ನ ಪಟವಿದೆ, ದಿನಾ ಊದಿನಕಡ್ಡಿ ಹಚ್ಚುತ್ತಾರೆ. ನಮ್ಮ ಕಡೆ ಗೋಡೆಗೆ ಏರುತ್ತಿದ್ದವರು ದೇವರು, ಸ್ವಾಮಿಗಳು, ಮನೆಯ ಹಿರಿಯರು, ದೇಶದ ನಾಯಕರು, ಇಷ್ಟೇ. ಬರೀ ಪದ್ಯ ಬರೆದವನಿಗೆ ಯಾರೂ ಊದಿನಕಡ್ಡಿ ಹಚ್ಚಿದ್ದಿಲ್ಲ. ಊದಿನಕಡ್ಡಿ ಹಚ್ಚಿದ್ದಾನೆಂದರೆ ಪಟದಲ್ಲಿರುವವನು ಇವನ ನಾಯಕನೇ, ಈಗ ಗಡಿಯಲ್ಲಿ ನಮ್ಮವರನ್ನು ಕೊಲ್ಲುತ್ತಿರುವವನೇ. ಅವರ ಲೆಕ್ಕ ಅಷ್ಟು ಸರಳವಾಗಿತ್ತು.

"ಎಂಟುನೂರು ವರ್ಷದ ಹಿಂದೆ ಸತ್ತಾನ್ರಿ ಇವ್ನು" ಅಂದರು ಡಾಕ್ಟರು.

"ಎಂಟುನೂರು ವರ್ಷವಾ?" ಮರುಳಪ್ಪನವರು ಪಟದ ಅಂಚು ತಿರುವಿದರು. ಹೊಸ ಕೋರಾ ಬಟ್ಟೆ, ನೀಲಿ ಮುದ್ರೆ. "ಹೋದ ತಿಂಗಳ ಬಟ್ಟೆ ಇದು! ನಮ್ಮ ಮಿಲ್ಲಿಂದೇ! ಯಾರಿಗೆ ಹೇಳ್ತೀಯಾ?"

ಜನ ನಕ್ಕರು. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಮರುಳಪ್ಪನವರ ಕಣ್ಣು ಬಾಗಿಲಲ್ಲಿದ್ದ ನನ್ನ ಮೇಲೆ ಬಿತ್ತು.

"ಬಾರವ್ವ ಇಲ್ಲಿ. ನೀನೇ ಶಾಲೇಲಿ ಹೇಳಿದ್ಯಂತಲ್ಲ. ಇವ್ನು ಯಾರು?"

ಡಾಕ್ಟರು ನನ್ನತ್ತ ತಿರುಗಿದರು. ಅವರ ಮುಖ ಸಡಿಲವಾದದ್ದನ್ನು ನೋಡಿದೆ. ಸದ್ಯ, ಗೊತ್ತಿರುವವಳು ಬಂದಳು ಎಂಬ ಹಾಗೆ. ಶಕುಂತಲಾ ಅವಳಪ್ಪನ ಹಿಂದೆ ನಿಂತು ತುಟಿಯಲ್ಲೇ 'ಚೀನಾ ಹಲ್ಲು' ಅನ್ನುತ್ತಿದ್ದಳು.

"ಜನರಲ್" ಅಂದೆ.

"ಎಲ್ಲಿಯವ್ನು?"

"ಚೀನಾ."

"ಸಾಕು ಹೋಗವ್ವ."

ಎರಡೂ ನಿಜವೇ. ಎಂಟುನೂರು ವರ್ಷ ಎನ್ನಲಿಲ್ಲ. ಬಟ್ಟೆ ಅಂಟಿಸಿದವಳು ನಾನು ಎನ್ನಲಿಲ್ಲ. ಕುದುರೆಯ ಮೇಲಿನ ಮುದುಕನ ಕೈಯಲ್ಲಿರುವುದು ಕುಂಚ, ನೋಡಿ ಎನ್ನಲಿಲ್ಲ. ಅಜ್ಜಿಗೂ ಅಂಟಿನ ವಿಷಯ ಗೊತ್ತಿತ್ತು. ಅವಳು ಒಳಗೆ ಹಬ್ಬದ ಪೂಜೆಗೆ ಸಗಣಿಯ ಹಟ್ಟಿ ಲಕ್ಕವ್ವನನ್ನು ಮಾಡುತ್ತಿದ್ದಳು. ಹೊರಗೆ ಬರಲಿಲ್ಲ.

ಪಟವನ್ನು ಬೀದಿಯಲ್ಲಿ ಸುರುಸುರುಬತ್ತಿಯಿಂದ ಹಚ್ಚಿ ಸುಟ್ಟರು. ಕಾಗದ ತಟ್ಟನೆ ಉರಿಯಿತು; ಕೋರಾ ಬಟ್ಟೆ ನಿಧಾನವಾಗಿ ಹೊಗೆಯಾಡಿತು. ನಾನು ಕಾಯಿಸಿದ ಮೈದಾ ಅಂಟು ಸುಟ್ಟು ಹೆಂಚಿನ ಮೇಲೆ ಸೀದ ರೊಟ್ಟಿಯ ವಾಸನೆ ಬಂತು. ಮಧ್ಯಾಹ್ನ ಡಾಕ್ಟರು ತಾವೇ ಪೊರಕೆ ತಂದು ಆ ಬೂದಿ ಗುಡಿಸಿದರು. ದಿನಾ ಬಾಗಿಲ ಮುಂದೆ ಗುಡಿಸುತ್ತಿದ್ದ ಹಾಗೆಯೇ, ಮೂಲೆಯಿಂದ ಶುರುಮಾಡಿ.

ಹತ್ತು ದಿನದೊಳಗೆ ಅಪ್ಪಾಜಿ ಅವರಿಗೆ ಕೋಣೆ ಬಿಡಲು ಹೇಳಿದರು. "ನನ್ನ ಕೈಯಾಗೆ ಏನಿಲ್ಲ ಡಾಕ್ಟ್ರೇ, ನಾನು ಇದೇ ಬೀದಿಯಾಗೆ ಬದುಕಬೇಕು" ಅಂದದ್ದು ನನಗೆ ಕೇಳಿಸಿತು. ದಾವಣಗೆರೆಯ ಸ್ಟೇಷನ್ನಿನಲ್ಲಿ ಜನ ಸೇರಬಹುದೆಂದು ಮಂಡಿಯ ಹತ್ತಿ ಲಾರಿಯಲ್ಲಿ ಹರಿಹರಕ್ಕೆ ಕಳಿಸಿ, ಅಲ್ಲಿಂದ ರೈಲು ಹತ್ತಿಸುವುದೆಂದಾಯಿತು. ಅಪ್ಪಾಜಿ ಅದನ್ನು ದೊಡ್ಡ ಉಪಕಾರ ಎಂದೇ ಕೊನೆಯವರೆಗೆ ತಿಳಿದಿದ್ದರು.

ಹೊರಡುವ ದಿನ ಉರಿಬಿಸಿಲು. ಮರುಳಪ್ಪನವರೂ ನಾಲ್ಕು ಜನ ಹಿರಿಯರೂ ಎಲ್ಲ ಸರಿಯಾಗಿ ನಡೆಯುತ್ತದೋ ನೋಡಲು ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಬಂದವರೆಂದ ಮೇಲೆ ಬಂದವರೇ. ಅಜ್ಜಿ ನನ್ನ ಕೈಗೆ ಹಿತ್ತಾಳೆಯ ಚೊಂಬು, ಬೆಲ್ಲದ ತಟ್ಟೆ ಕೊಟ್ಟಳು. ನಾನು ಒಬ್ಬೊಬ್ಬರಿಗೂ ಬಗ್ಗಿ ಬೆಲ್ಲ ಕೊಟ್ಟೆ, ಲೋಟಕ್ಕೆ ನೀರು ಬಗ್ಗಿಸಿದೆ. ಮರುಳಪ್ಪನವರು ಎತ್ತಿ ಕುಡಿದು, "ನಿಮ್ಮನೆ ನೀರು ಅಂದ್ರೆ ನೀರವ್ವ" ಅಂದರು. ಅಜ್ಜಿ ಬಾಗಿಲಿನಿಂದ, "ಇನ್ನೊಂದು ಚೊಂಬು ತುಂಬ್ಕಂಡು ಬಾ" ಅಂದಳು. ತುಂಬಿಕೊಂಡು ಬಂದೆ.

ಅಷ್ಟರಲ್ಲಿ ಡಾಕ್ಟರು ಕೊನೆಯ ಪೆಟ್ಟಿಗೆಯನ್ನು ತಾವೇ ಹೊತ್ತು ಲಾರಿಗೆ ಏರಿಸಿ ಇಳಿದರು. ಹತ್ತಿಯ ಎಳೆ ಅವರ ಬೆವರಿಗೆ ಅಂಟಿ ಹುಬ್ಬೆಲ್ಲ ಬೆಳ್ಳಗಾಗಿತ್ತು. ತುಟಿ ಒಡೆದಿತ್ತು. ಕಟ್ಟೆಯ ಹತ್ತಿರ ಬಂದು ನಿಂತು ನನ್ನನ್ನೇ ನೋಡಿ ಕೇಳಿದರು.

"ಗಿರಿಜಮ್ಮ, ಸ್ವಲ್ಪ ನೀರು."

ಎದುರು ಮನೆಯ ಕಿಟಕಿಯಲ್ಲಿ ಶಕುಂತಲಾ ಇದ್ದಳು. ಮರುಳಪ್ಪನವರು ಬಾಯಲ್ಲಿದ್ದ ಬೆಲ್ಲವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು. ಬೇಡ ಎನ್ನಲಿಲ್ಲ. ಅಪ್ಪಾಜಿ ಲಾರಿಯ ಹಗ್ಗ ಬಿಗಿಯುವುದನ್ನೇ ನೋಡುತ್ತಿದ್ದರು. ಚೊಂಬಿನ ಹೊರಮೈ ತಣ್ಣಗೆ ಬೆವರಿ ನನ್ನ ಅಂಗೈ ಒದ್ದೆಯಾಗಿತ್ತು.

ನಾನು ಕದಲಲಿಲ್ಲ.

ಡಾಕ್ಟರು ಎಷ್ಟು ಹೊತ್ತು ನಿಂತರೋ. ಆಮೇಲೆ ತಲೆಯಾಡಿಸಿ, ಕುರ್ಚಿಯಲ್ಲಿ ನನ್ನ ಬಾಯಿ ನೋಡಿ ಮುಗಿದಾಗ ಆಡಿಸುತ್ತಿದ್ದ ಹಾಗೆಯೇ ಆಡಿಸಿ, ಲಾರಿ ಹತ್ತಿದರು. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಕಟ್ಟೆಯ ಮೇಲಿನವರು ಎರಡನೇ ಚೊಂಬನ್ನೂ ಕುಡಿದು ಎದ್ದರು.

ಸಂಜೆ ಅಜ್ಜಿ ಒಲೆಯ ಮುಂದೆ, "ನೀರು ಕೇಳಿದೋರಿಗೆ ಕೊಡ್ಲಿಲ್ಲಲ್ಲೇ" ಅಂದಳು.

"ನೀನೂ ಅಲ್ಲೇ ಇದ್ದೆಲ್ಲಜ್ಜಿ."

ಅಜ್ಜಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಕೋಣೆ ತೊಳೆಯುವಾಗ ಪಟದ ಕೆಳಗಿದ್ದ ಹಲಗೆಯ ಮೇಲೆ ಒಂದು ಬೆಂಕಿಪೊಟ್ಟಣ ಸಿಕ್ಕಿತು. ಒಳಗೆ ಹತ್ತಿ, ಹತ್ತಿಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹಲ್ಲಿನ ಟೋಪಿ, ನನ್ನ ಮಿಕ್ಕ ಹಲ್ಲುಗಳದೇ ಬಣ್ಣ. ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದಿದ್ದರು: 'ಗಿರಿಜಾ. ಎಡಗಡೆ.' ಪಟ ಸುಟ್ಟ ಮೇಲೆ ಮಾಡಿದ್ದೋ, ಅದಕ್ಕೂ ಮೊದಲೇ ಮಾಡಿಟ್ಟು ನಾನು ಬರುವೆನೆಂದು ಎರಡು ಶನಿವಾರ ಕಾದಿದ್ದರೋ ತಿಳಿಯದು. ಅವರು ಮದ್ರಾಸಿಗೆ ಹೋದರೆಂದರು ಕೆಲವರು, ಮುಂಬಯಿಗೆಂದರು ಕೆಲವರು. ವಿಚಾರಿಸಿದವರು ಯಾರೂ ಇಲ್ಲ. ನಾನೂ ವಿಚಾರಿಸಲಿಲ್ಲ.

ಆ ಟೋಪಿಯನ್ನು ಯಾರ ಕೈಯಲ್ಲೂ ಕೂರಿಸಿಕೊಳ್ಳಲಿಲ್ಲ. ನನ್ನ ಮದುವೆಯ ಫೋಟೋದಲ್ಲಿ ಬಾಯಿ ಬಿಗಿದಿದೆ; ನೋಡಿದವರು ಎಷ್ಟು ಗಂಭೀರ ಹುಡುಗಿ ಅನ್ನುತ್ತಾರೆ. ಮುಂದಿನ ಕೋಣೆಯಲ್ಲಿ ಈಗ ಮೊಬೈಲ್ ಅಂಗಡಿ. ಬೇವಿನ ಮರವಿಲ್ಲ, ಜೋಕಾಲಿಯಿಲ್ಲ, ಮಿಲ್ಲಿನ ಸೈರನ್ನೂ ಇಲ್ಲ. ಮನೆಗೆ ಬಂದವರಿಗೆ ನೀರು–ಬೆಲ್ಲ ಕೊಡುವ ಪದ್ಧತಿ ಹೋಯಿತೆಂದು ಶಕುಂತಲಾ ಫೋನಿನಲ್ಲಿ ಪೇಚಾಡುತ್ತಾಳೆ. ನಾನು ಹೂಂ ಅನ್ನುವುದಿಲ್ಲ. ಅದು ಹೋದದ್ದು ಯಾವ ದಿನ, ಎಷ್ಟು ಹೊತ್ತಿಗೆ ಎಂದು ನನಗೆ ಗೊತ್ತು.

ಹೋದ ವರ್ಷ ಸರಸ್ವತಿ ನಗರದ ಹಲ್ಲಿನ ಡಾಕ್ಟರೊಬ್ಬಳಿಗೆ ಆ ಬೆಂಕಿಪೊಟ್ಟಣ ತೋರಿಸಿದೆ. ಮೊಮ್ಮಗಳ ವಯಸ್ಸಿನ ಹುಡುಗಿ. ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಯಾರ್ರೀ ಅಮ್ಮ ಮಾಡಿದ್ದು? ಕೈಯಾಗೆ ಇಷ್ಟು ನಾಜೂಕಾಗಿ? ಆಗಲೇ ಯಾಕ ಹಾಕಿಸ್ಕಳ್ಳಿಲ್ಲ?" ಎಂದಳು. ಕುರ್ಚಿಯಲ್ಲಿ ಕೂತಿದ್ದ ನನ್ನ ಬಾಯಲ್ಲಿ ಹತ್ತಿ ಇತ್ತು. ಉತ್ತರ ಕೊಡುವ ಕಷ್ಟ ತಪ್ಪಿತು.

ಈಗಲೂ ರೈಲು ಹರಿಹರದ ಸೇತುವೆ ದಾಟುವಾಗ ಕಿಟಕಿಗೆ ಮುಖ ಇಟ್ಟು ಆಚೆ ದಡ ನೋಡುತ್ತೇನೆ. ರಾಜ ಕೇಳಿದ ಪ್ರಶ್ನೆಗೆ ಜನರಲ್ ಏನೆಂದ ಎಂಬುದು ನನಗೆ ತಿಳಿಯಲೇ ಇಲ್ಲ. ಬಹಳ ವರ್ಷ ಅದು ದೊಡ್ಡ ಜಾಣ ಉತ್ತರವಿರಬೇಕು, ನನ್ನಿಂದ ತಪ್ಪಿಹೋಯಿತು ಎಂದು ಕೊರಗಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವನಿಗೆ ಬಾಯಾರಿತ್ತು ಅಂತ ಹೆಂಗೆ ಗೊತ್ತಾತು ಎನ್ನುವುದು ಒಂದು ಪ್ರಶ್ನೆಯೇ ಅಲ್ಲ. ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಅಂದು ನಮ್ಮ ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತಿತ್ತು. ಹನ್ನೊಂದು ವರ್ಷದ ನನಗೂ ಗೊತ್ತಿತ್ತು. ಚೊಂಬು ನನ್ನ ಕೈಯಲ್ಲೇ ಇತ್ತು, ತುಂಬಿತ್ತು.